ಸಿದ್ಧಕಟ್ಟೆಯಲ್ಲಿ ಆರು ನಿಮಿಷ

ಇದು ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವರು ಜಯರಾಮಣ್ಣ. ನಮ್ಮ ಖಾಸಗಿ ಬಸ್ ಮಾಲಕರ ಸಂಘದ ಅಧ್ಯಕ್ಷರು, ನಾಲ್ಕು ನೀಲಿ ಬಸ್ಸುಗಳ ಯಜಮಾನರು. ಮೂಡುಬಿದಿರೆ ಬಸ್ ನಿಲ್ದಾಣದ ಮಹಡಿಯಲ್ಲಿ, ಬಸ್ಸು ಬಿಡುವ ಹೊತ್ತು ನೋಡುವ ಟೈಮ್ ಆಫೀಸಿನಲ್ಲಿ, ಕುರ್ಚಿಯ ಮೇಲೆ ಒಂದು ಕಾಲು ಮಡಚಿ ಕೂತು ಹೇಳಿದರು.

"ಇಸ್ಮಾಯಿಲಾ, ನಿನ್ಗೆ ಐವತ್ತೆರಡು ಆಯ್ತು. ಈ ಪ್ರಾಯದಲ್ಲಿ ಬಿ.ಸಿ.ಎ. ಅಂತೆ, ಅದಕ್ಕೆ ಒಂದು ಹೊಸ ಭಾಷೆ ಕಟ್ತಾನಂತೆ! ತುಳು, ಬ್ಯಾರಿ, ಕೊಂಕಣಿ, ಕನ್ನಡ ಇಷ್ಟು ಸಾಕಾಗ್ಲಿಲ್ವಾ? ಇದು ಆಗುದಿಲ್ಲ ಮಾರಾಯ. ಬರೆದು ಇಟ್ಕೊ."

ಬರೆದು ಇಟ್ಟುಕೊಂಡೆ. ಟೈಮ್ ಕೀಪರ್ ಕೆಲಸದಿಂದ ನಿವೃತ್ತನಾಗಿ ಈಗ ಎರಡು ವರ್ಷ. ಟೈಮ್ ಕೀಪರ್ ಆಗಿ ಹೊಸದಾಗಿ ಸೇರಿದವರು ಆಗಾಗ ಫೋನು ಮಾಡಿ, ಈ ಕೆಲಸದಲ್ಲಿ ಕಲಿಯಲು ಏನಿದೆ, ಗಡಿಯಾರ ನೋಡಿ ವಿಸಿಲ್ ಊದಿದರೆ ಮುಗಿಯಲಿಲ್ಲವೇ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪಾಠ: ಟೈಮ್ ಕೀಪರನನ್ನು ಯಾರೂ ನಂಬುವುದಿಲ್ಲ. ಒಂದೇ ರಸ್ತೆಯಲ್ಲಿ ಹತ್ತು ಮಾಲಕರ ಬಸ್ಸುಗಳು ಓಡುತ್ತವೆ. ಮುಂದಿನ ಬಸ್ಸು ಮೂರು ನಿಮಿಷ ತಡವಾಗಿ ಹೊರಟರೆ ಹಿಂದಿನ ಬಸ್ಸಿನ ಜನ ಅದಕ್ಕೇ ಹತ್ತುತ್ತಾರೆ. ಹಾಗಾಗಿ ಪ್ರತಿ ಡ್ರೈವರನಿಗೂ ತನ್ನ ನಿಮಿಷವನ್ನು ಟೈಮ್ ಕೀಪರ್ ಬೇರೆಯವನಿಗೆ ಕೊಟ್ಟಿದ್ದಾನೆ ಎಂಬ ಅನುಮಾನ. ನೀವು ಒಬ್ಬ ಕಂಡಕ್ಟರನ ಜೊತೆ ಚಾ ಕುಡಿದರೆ ಇನ್ನೊಬ್ಬ ಅದನ್ನು ನೋಡಿಟ್ಟುಕೊಳ್ಳುತ್ತಾನೆ. ಮೂವತ್ತಾರು ವರ್ಷ ನಾನು ನಿಲ್ದಾಣದ ಹೋಟೆಲಿನಲ್ಲಿ ಗೋಡೆಗೆ ಮುಖ ಮಾಡಿ, ಒಬ್ಬನೇ ಕೂತು ಚಾ ಕುಡಿದಿದ್ದೇನೆ.

ಎರಡನೆಯ ಪಾಠ ಟೈಮ್ ಪುಸ್ತಕದ್ದು. ಪ್ರತಿ ಬಸ್ಸಿಗೂ ಅದರಲ್ಲಿ ಒಂದು ಸಾಲು. ಜಯರಾಮಣ್ಣನ ನೀಲಿ ಬಸ್ಸು ಮೂಡುಬಿದಿರೆ ಬಿಡುವುದು ಏಳು ನಲವತ್ತಕ್ಕೆ. ಸಿದ್ಧಕಟ್ಟೆಗೆ ಮೂವತ್ತನಾಲ್ಕು ನಿಮಿಷ. ರಸ್ತೆ ಅಗಲವಾದ ಮೇಲೆ ನಾಲ್ಕು ನಿಮಿಷ ಕಡಿತ ಮಾಡಿದರು. ಆಗ ನಾವು ಮೂವತ್ತನಾಲ್ಕನ್ನು ಹೊಡೆದು ಹಾಕಿ ಮೂವತ್ತು ಎಂದು ಬರೆಯುವ ಹಾಗಿಲ್ಲ. ಹೊಡೆದು ಹಾಕಿದ ಅಂಕಿ ಕಂಡರೆ ಯಾರು ಹೊಡೆದದ್ದು, ಯಾರಿಗಾಗಿ ಹೊಡೆದದ್ದು ಎಂದು ನಿಲ್ದಾಣದಲ್ಲಿ ಗಲಾಟೆ. ಅದಕ್ಕೇ ಬರೆದದ್ದನ್ನು ಮುಟ್ಟದೆ, ಮುಂದಕ್ಕೆ ಕಳೆಯುವುದು: 34 - 4. ಮತ್ತೊಂದು ವರ್ಷ ಇನ್ನೂ ಮೂರು ಕಡಿತವಾದರೆ 34 - 4 - 3. ಇದು ಯಾರು ಮಾಡಿದ ನಿಯಮವೋ ಗೊತ್ತಿಲ್ಲ. ನಾನು ಸೇರಿದ ದಿನ ನನಗೆ ಇದನ್ನು ಕಲಿಸಿದವರು ಸಂಜೀವಣ್ಣ, ಸಿದ್ಧಕಟ್ಟೆಯ ಟೈಮ್ ಕೀಪರ್, ನನಗಿಂತ ಆರು ವರ್ಷ ಹಿರಿಯರು. "ಪೆನ್ನು ಮುಂದೆ ಹೋಗ್ಲಿ. ಹಿಂದೆ ಬರ್ಬಾರ್ದು," ಎಂದಿದ್ದರು.

ಗೀಟಿನ ವಿಚಾರ ನಮ್ಮ ಮನೆಯಲ್ಲೂ ಒಂದು ಉಂಟು. ನಮ್ಮದು ಶಿರ್ತಾಡಿಯ ಹತ್ತಿರ. ಬಾಪ ಬಸ್ ಕಂಡಕ್ಟರ್, ಉಮ್ಮ ಬೀಡಿ ಕಟ್ಟುತ್ತಿದ್ದರು. ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ ಬಾಪ ಫುಟ್‌ಬೋರ್ಡಿನಿಂದ ಬಿದ್ದು ಸೊಂಟ ಮುರಿದುಕೊಂಡರು. ಮೂರು ತಿಂಗಳು ಕಾಲೇಜಿಗೆ ಹೋಗಲಿಲ್ಲ. ಉಮ್ಮ ಒಬ್ಬರೇ ಕಾಲೇಜಿಗೆ ಹೋಗಿ, ಮಗನಿಗೆ ಇನ್ನೊಂದಿಷ್ಟು ಸಮಯ ಕೊಡಿ ಎಂದು ಕೇಳಿದರು. ಗುಮಾಸ್ತರು ಹಾಜರಿ ಪುಸ್ತಕ ತೆರೆದು ತೋರಿಸಿದರಂತೆ: ನನ್ನ ಹೆಸರಿನ ಮೇಲೆ ಕೆಂಪು ಗೀಟು. ಉಮ್ಮನಿಗೆ ಓದಲು ಬರುವುದಿಲ್ಲ. ಆದರೆ ಗೀಟು ಗೊತ್ತಾಗದವರು ಯಾರಿದ್ದಾರೆ? ಮನೆಗೆ ಬಂದು ಎರಡೇ ಮಾತು ಹೇಳಿದರು: "ಗೀಟು ಹಾಕಿದ್ದಾರೆ." ಆ ವಾರವೇ ನಾನು ಟೈಮ್ ಆಫೀಸು ಸೇರಿದೆ.

ಹೀಗೆ ದಶಕಗಳು ಹೋದವು. ಆಮೇಲೆ ನಿಲ್ದಾಣದ ಎದುರಿನ ಕಟ್ಟಡದಲ್ಲಿ ದೂರಶಿಕ್ಷಣದ ಅಧ್ಯಯನ ಕೇಂದ್ರ ಬಂತು, ಭಾನುವಾರ ತರಗತಿ. ಅದರ ಬೋರ್ಡನ್ನು ಒಂದು ವರ್ಷ ದಿನವೂ ನೋಡಿದೆ. ಯಾವುದೋ ಮೋಸದ ಅಂಗಡಿ ಇರಬಹುದು ಎಂದು ವಿಚಾರಿಸಿ, ಮತ್ತೆ ವಿಚಾರಿಸಿ, ಕೊನೆಗೆ ಸೇರಿದೆ. ನಮ್ಮ ಕುಟುಂಬದಲ್ಲಿ ಅದುವರೆಗೆ ಪದವಿ ಮಾಡಿದವರು ಯಾರೂ ಇರಲಿಲ್ಲ. ನಾನು ಮೊದಲನೆಯವನು. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಮೂರನೆಯ ವರ್ಷ ಲವೀನಾ ಮೇಡಮ್ ಫಂಕ್ಷನಲ್ ಪ್ರೋಗ್ರಾಮಿಂಗ್ ಕಲಿಸಿದರು. ನನ್ನ ಮಗಳ ಪ್ರಾಯದವರು. "ಇದರಲ್ಲಿ ಒಮ್ಮೆ ಕೊಟ್ಟ ಬೆಲೆಯನ್ನು ಮತ್ತೆ ಬದಲಾಯಿಸ್ಲಿಕ್ಕೆ ಇಲ್ಲ. ಹಳೆಯದು ಹಾಗೇ ಇರ್ತದೆ, ಅದರಿಂದ ಹೊಸದನ್ನು ಮಾಡ್ಕೊಳ್ಬೇಕು," ಎಂದಾಗ ತರಗತಿಯ ಹುಡುಗರೆಲ್ಲ ತಲೆ ಕೆರೆದುಕೊಂಡರು. ಬದಲಾಯಿಸದೆ ಲೆಕ್ಕ ಹೇಗೆ ನಡೆಯುತ್ತದೆ ಎಂದು ಅವರಿಗೆ ಚಿಂತೆ. ನಾನು ನಗುತ್ತಿದ್ದೆ. ಇದು ನಮ್ಮ ಟೈಮ್ ಪುಸ್ತಕ! ಪೆನ್ನು ಹಿಂದೆ ಬರಬಾರದು. ಇಡೀ ಬದುಕು ಮಾಡಿದ್ದೇ ಅದು.

ಪ್ರಾಜೆಕ್ಟ್ ಯಾವುದೆಂದು ಅಂದೇ ತೀರ್ಮಾನವಾಯಿತು. ಟೈಮ್ ಪುಸ್ತಕದ ಸಾಲುಗಳೇ ಒಂದು ಪುಟ್ಟ ಭಾಷೆ. ಅಂಕಿ, ಕೂಡಿಸು, ಕಳೆ, ಆವರಣ ಚಿಹ್ನೆ, ಊರಿನ ಹೆಸರು, "ಭಾನುವಾರ ಆದರೆ" ಎಂಬ ಷರತ್ತು, ಇಷ್ಟೇ ಅದರ ಮಾತು. ಆ ಸಾಲನ್ನು ಕಂಪ್ಯೂಟರ್ ಓದಬೇಕು, ಲೆಕ್ಕ ಮಾಡಬೇಕು, ಪ್ರತಿ ನಿಲ್ದಾಣಕ್ಕೂ ಚಾರ್ಟ್ ಅಚ್ಚು ಹಾಕಿ ಕೊಡಬೇಕು. ಅದುವರೆಗೆ ಒಂದು ಕಡಿತ ಬಂದರೆ ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಒಬ್ಬೊಬ್ಬ ಟೈಮ್ ಕೀಪರ್ ಕೈಯಲ್ಲಿ ಲೆಕ್ಕ ಹಾಕಿ ಒಂದೊಂದು ಚಾರ್ಟ್ ಬರೆಯುತ್ತಿದ್ದ. ಎರಡು ಚಾರ್ಟ್ ಒಂದಕ್ಕೊಂದು ಹೊಂದಿದರೆ ಅದೇ ಆಶ್ಚರ್ಯ.

ಓದುವ ಭಾಗಕ್ಕೆ ಪಾರ್ಸರ್ ಎನ್ನುತ್ತಾರೆ. ಹೆಸರಿಗೆ ಹೆದರಬೇಡಿ. ನಿಲ್ದಾಣದಲ್ಲಿ ಸಾಲು ನಿಂತ ಜನರನ್ನು ನೆನೆಸಿಕೊಳ್ಳಿ. ಕಂಡಕ್ಟರ್ ಸಾಲಿನ ಮುಂದಿನಿಂದ ತನ್ನ ಬಸ್ಸಿನವರನ್ನು ಮಾತ್ರ ಹತ್ತಿಸಿಕೊಂಡು, ಉಳಿದ ಸಾಲನ್ನು ಹಾಗೆಯೇ ಮುಂದಿನ ಬಸ್ಸಿಗೆ ಬಿಡುತ್ತಾನೆ. ಅಂಕಿ ಓದುವ ಫಂಕ್ಷನ್, ಅಂದರೆ ಒಂದೇ ಕೆಲಸ ಮಾಡುವ ಪುಟ್ಟ ಆದೇಶದ ಕಟ್ಟು, ಸಾಲಿನ ಮುಂದಿರುವ 34ನ್ನು ತೆಗೆದುಕೊಂಡು "- 4 - 3" ಎಂಬ ಉಳಿಕೆಯನ್ನು ಮುಟ್ಟದೆ ಹಿಂದಕ್ಕೆ ಕೊಡುತ್ತದೆ. ಚಿಹ್ನೆ ಓದುವ ಫಂಕ್ಷನ್ ಅದನ್ನು ಹಿಡಿಯುತ್ತದೆ. ಇಂಥ ಸಣ್ಣ ಸಣ್ಣ ಫಂಕ್ಷನ್‌ಗಳನ್ನು ಜೋಡಿಸಿದರೆ ದೊಡ್ಡ ಪಾರ್ಸರ್. ಅದು ಓದಿದ್ದನ್ನು ಒಂದು ಮರದ ಹಾಗೆ ಕಟ್ಟಿಡುತ್ತದೆ: ಕೊಂಬೆಯಲ್ಲಿ ಚಿಹ್ನೆ, ತುದಿಯಲ್ಲಿ ಅಂಕಿ. ಲೆಕ್ಕ ಮಾಡುವ ಭಾಗ ಆ ಮರದ ತುದಿಯಿಂದ ಬುಡಕ್ಕೆ ಬಂದು ಉತ್ತರ ಹೇಳುತ್ತದೆ. ಗುಟ್ಟು ಎಲ್ಲೂ ಇಲ್ಲ. ಅದೇ ಸಾಲು ಕೊಟ್ಟರೆ ಅದೇ ಉತ್ತರ, ಇವತ್ತಾದರೂ ಸರಿ, ನಾಳೆಯಾದರೂ ಸರಿ.

ಮೊದಲು ಓಡಿಸಿ ತೋರಿಸಿದ ದಿನ ಲವೀನಾ ಮೇಡಮ್ ಪರದೆಯನ್ನು ನೋಡಲಿಲ್ಲ, ನನ್ನ ಮುಖ ನೋಡಿದರು.

"ಇಸ್ಮಾಯಿಲ್‌ರೇ, ಬೇಸರ ಮಾಡ್ಬೇಡಿ. ಇದು ಎಲ್ಲಿಂದ ತಂದದ್ದು?"

ಪೇಟೆಯಲ್ಲಿ ಸಿದ್ಧ ಪ್ರಾಜೆಕ್ಟ್ ಮಾರುವ ಅಂಗಡಿಗಳಿವೆ ಎಂಬುದು ಎಲ್ಲರಿಗೂ ಗೊತ್ತು. ಹುಡುಗರು ಕೊಂಡು ತಂದು, ಮೇಲಿನ ಹೆಸರು ಬದಲಿಸಿ ಕೊಡುತ್ತಾರೆ. ನನ್ನ ಮೇಲೆ ಅನುಮಾನ ಬಂದದ್ದು ತಪ್ಪಲ್ಲ, ಆದರೆ ನೋವಾಯಿತು.

"ಟೈಮ್ ಪುಸ್ತಕದಿಂದ ತಂದದ್ದು ಮೇಡಮ್."

"ಹಾಗಾದ್ರೆ ನಿಮ್ಮ ಆಫೀಸಿನಿಂದ ಒಂದು ಪತ್ರ ಬೇಕು. ಇದು ಅಲ್ಲಿ ನಿಜವಾಗಿ ಬಳಕೆಯಲ್ಲಿ ಉಂಟು ಅಂತ ಅಧ್ಯಕ್ಷರ ಸಹಿ. ಪತ್ರ ಇಲ್ಲದಿದ್ರೆ ನಾನು ಪರೀಕ್ಷೆಗೆ ಕಳಿಸುದಿಲ್ಲ."

ಹೀಗೆ ನನ್ನ ಪದವಿ ಜಯರಾಮಣ್ಣನ ಪೆನ್ನಿನ ತುದಿಗೆ ಬಂದು ನಿಂತಿತು. ಅವರು ಒಂದು ತಿಂಗಳು ನೋಡುವ ಎಂದರು. ಮೊದಲಿಗೆ ಬಂಟ್ವಾಳ ಮಾರ್ಗದ ಚಾರ್ಟುಗಳನ್ನು ಅಚ್ಚು ಹಾಕಿ ಅಲ್ಲಿನ ಎಲ್ಲ ನಿಲ್ದಾಣಗಳಿಗೂ ಕಳಿಸಿದೆ. ಕೆಲವು ದಿನ ಯಾವ ರಗಳೆಯೂ ಇರಲಿಲ್ಲ.

ನೀಲಿ ಬಸ್ಸಿನ ಸಾಲಿಗೆ ಎರಡನೆಯ ಕಡಿತ ಬಂದದ್ದು ಆ ತಿಂಗಳಲ್ಲೇ. ಸಂಜೀವಣ್ಣ ಪುಸ್ತಕದಲ್ಲಿ "- 3" ಸೇರಿಸಿ ಫೋನಿನಲ್ಲಿ ಹೇಳಿದರು, ನಾನು ಕಂಪ್ಯೂಟರಿನಲ್ಲಿ ಸೇರಿಸಿ ಹೊಸ ಚಾರ್ಟ್ ಕಳಿಸಿದೆ. ಸೋಮವಾರ ಬೆಳಿಗ್ಗೆ ಸಿದ್ಧಕಟ್ಟೆಯಲ್ಲಿ ನೀಲಿ ಬಸ್ಸು ಎಂಟು ಏಳಕ್ಕೆ ಹೊರಡಬೇಕಿತ್ತು. ಚಾರ್ಟಿನಲ್ಲಿ ಎಂಟು ಹದಿಮೂರು ಎಂದಿತ್ತು. ಆ ತಿಂಗಳು ಅಚ್ಚಿನ ಚಾರ್ಟಿನಂತೆಯೇ ಬಸ್ಸು ಬಿಡಬೇಕು ಎಂದಿದ್ದುದರಿಂದ ಸಂಜೀವಣ್ಣ ಚಾರ್ಟ್ ನೋಡಿ ಬಸ್ಸನ್ನು ಹಿಡಿದು ನಿಲ್ಲಿಸಿದರು. ಎಂಟು ಹತ್ತಕ್ಕೆ ಹಿಂದಿನಿಂದ ಹಳದಿ ಬಸ್ಸು ಬಂತು, ಬಂಟ್ವಾಳಕ್ಕೆ ಹೋಗುವ ಅಷ್ಟೂ ಜನರನ್ನು ತುಂಬಿಸಿಕೊಂಡು ಹೋಯಿತು. ಅದರ ಹಿಂದೆ ನೀಲಿ ಬಸ್ಸು ಖಾಲಿ ಸೀಟು ಹೊತ್ತುಕೊಂಡು ಹೋಯಿತು.

ಹಳದಿ ಬಸ್ಸಿನ ಮಾಲಕ ಹನೀಫ್. ನನ್ನ ಹೆಂಡತಿಯ ತಮ್ಮ.

ಇನ್ನು ಹೇಳಬೇಕೇ? ನಾನು ಆಫೀಸಿನ ಮೆಟ್ಟಿಲು ಹತ್ತುವ ಮೊದಲೇ ಜಯರಾಮಣ್ಣ ಮೇಲಿನಿಂದ ಕೂಗಿದರು. "ಭಾಷೆ ಕಟ್ಟಿದ್ದು ಇದಕ್ಕಾ ಇಸ್ಮಾಯಿಲಾ? ಭಾವಮೈದನಿಗೆ ಆರು ಮಿನಿಟು ಉಡುಗೊರೆ ಕೊಡ್ಲಿಕ್ಕಾ?"

ನನಗೂ ಅನುಮಾನ ಬಂತು, ಬೇರೆಯವರ ಮೇಲೆ. ಸಂಜೀವಣ್ಣನಿಗೆ ಕಂಪ್ಯೂಟರ್ ಕಂಡರೆ ಆಗುತ್ತಿರಲಿಲ್ಲ. ಕೈಬರಹದ ಚಾರ್ಟಿನ ಅಧಿಕಾರ ಹೋಯಿತು ಎಂಬ ಸಿಟ್ಟು ಅವರಿಗಿತ್ತು. ಪುಸ್ತಕದಲ್ಲಿ ಒಂದು ಬರೆದು ಫೋನಿನಲ್ಲಿ ಇನ್ನೊಂದು ಹೇಳಿರಬೇಕು ಎಂದುಕೊಂಡು ಮುಂದಿನ ಬಸ್ಸಿನಲ್ಲೇ ಸಿದ್ಧಕಟ್ಟೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ ಅವರನ್ನು ನಾಲ್ಕು ಜನರ ಎದುರೇ ಕೇಳಿದೆ.

"ಸಂಜೀವಣ್ಣ, ನಂಗೆ ಹೇಳಿದ ಅಂಕಿ ಸರಿಯಾ? ಇಲ್ಲಾ ಬೇಕೂಂತ ತಪ್ಪು ಹೇಳಿದ್ದಾ?"

ಅವರು ಸಿಟ್ಟು ಮಾಡಲಿಲ್ಲ. ಪುಸ್ತಕ ತೆರೆದು ನನ್ನ ಮಡಿಲಲ್ಲಿ ಇಟ್ಟರು. 34 - 4 - 3. ಒಂದು ಗೀಟಿಲ್ಲ, ಒಂದು ತಿದ್ದುಪಡಿ ಇಲ್ಲ.

"ಮೂವತ್ನಾಲ್ಕರಲ್ಲಿ ನಾಲ್ಕು ಹೋದ್ರೆ ಮೂವತ್ತು," ಎಂದು ಬೆರಳು ಮಡಚಿದರು. "ಮೂವತ್ತರಲ್ಲಿ ಮೂರು ಹೋದ್ರೆ ಇಪ್ಪತ್ತೇಳು. ಎರಡನೇ ಕ್ಲಾಸಿನ ಲೆಕ್ಕ. ನಿನ್ನ ಯಂತ್ರಕ್ಕೆ ಎಂತ ಕಷ್ಟ ಆಯ್ತು?"

ಆ ಬೆರಳುಗಳನ್ನು ನೋಡುತ್ತಿದ್ದ ಹಾಗೆ ತಪ್ಪು ಎಲ್ಲಿದೆ ಎಂದು ನನಗೆ ಹೊಳೆಯಿತು. ಅವರು ಎಡದಿಂದ ಒಂದೊಂದೇ ಕಡಿತವನ್ನು ತೆಗೆದುಕೊಂಡು ಹೋಗಿದ್ದರು. ನನ್ನ ಪಾರ್ಸರ್ ಹಾಗೆ ಮಾಡುತ್ತಿರಲಿಲ್ಲ. ಕಳೆಯುವ ಚಿಹ್ನೆ ಕಂಡ ಕೂಡಲೇ ಅದು ತನ್ನನ್ನು ತಾನೇ ಕರೆದುಕೊಂಡು, ಉಳಿದ ಸಾಲನ್ನೆಲ್ಲ ಮೊದಲು ಓದಿ ಮುಗಿಸುತ್ತಿತ್ತು. ಅಂದರೆ ಮೊದಲು ನಾಲ್ಕರಲ್ಲಿ ಮೂರು ಕಳೆದು ಒಂದು. ಆಮೇಲೆ ಮೂವತ್ತನಾಲ್ಕರಲ್ಲಿ ಒಂದು ಕಳೆದು ಮೂವತ್ತಮೂರು. ಆರು ನಿಮಿಷ ಹೋದದ್ದು ಅಲ್ಲಿ. ಒಂದೇ ಕಡಿತ ಇರುವ ಸಾಲಿಗೆ ಉತ್ತರ ಸರಿಯಾಗಿಯೇ ಬರುತ್ತಿತ್ತು. ಕೂಡಿಸುವುದಾದರೆ ಯಾವ ಕಡೆಯಿಂದ ಕೂಡಿಸಿದರೂ ಒಂದೇ. ನಾನು ಪರೀಕ್ಷಿಸಿದ್ದು ಅಂಥ ಸಾಲುಗಳನ್ನು ಮಾತ್ರ. ಆ ತಿಂಗಳು ಅಚ್ಚು ಹಾಕಿದ ಚಾರ್ಟುಗಳಲ್ಲಿಯೂ ಎರಡು ಕಡಿತದ ಸಾಲು ಬಂದದ್ದು ಇದೊಂದೇ. ಕಡಿತದ ಮೇಲೆ ಕಡಿತ ಬರೆಯುವುದೇ ನಮ್ಮ ಪದ್ಧತಿ ಎಂದು ಬಲ್ಲ ನಾನೇ ಅದನ್ನು ನೋಡಲಿಲ್ಲ.

ಹೊಸಬರಿಗೆ ಹೇಳುತ್ತೇನೆ: ಲೆಕ್ಕ ತಪ್ಪಿದಾಗ ಮೊದಲು ನಿಮ್ಮ ಕೈಯನ್ನು ಅನುಮಾನಿಸಿ.

"ತಪ್ಪು ನನ್ನದು ಸಂಜೀವಣ್ಣ," ಎಂದೆ, ಅದೇ ನಾಲ್ಕು ಜನರ ಎದುರು.

"ಗೊತ್ತುಂಟು," ಎಂದರು. "ಬಸ್ಸು ಬಂತು, ಹೋಗು. ಮೊದಲು ಅದನ್ನು ಸರಿ ಮಾಡು."

ಸಂಜೆಯೊಳಗೆ ಸರಿ ಮಾಡಿದೆ. ಅಲ್ಲಿಯವರೆಗಿನ ಉತ್ತರವನ್ನು ಜೊತೆಗೇ ಕೊಟ್ಟು ಮುಂದಿನ ಕರೆಗೆ ದಾಟಿಸುವುದು; ಆ ಕರೆ ಒಂದೇ ಕಡಿತ ತೆಗೆದು, ಹೊಸ ಉತ್ತರವನ್ನು ಅದರ ಮುಂದಿನದಕ್ಕೆ ದಾಟಿಸುವುದು. ಸಂಜೀವಣ್ಣನ ಬೆರಳು ಮಡಚುವ ಕ್ರಮವನ್ನೇ ಬರೆದದ್ದು. ಐದು ಸಾಲು ಬದಲಾಯಿತು, ಅಷ್ಟೆ.

ಮರುದಿನ ಜಯರಾಮಣ್ಣ ಬಾಗಿಲು ಮುಚ್ಚಿ ನನ್ನನ್ನು ಕೂರಿಸಿದರು. ದನಿ ಮೆತ್ತಗಿತ್ತು. ಅವರ ದನಿ ಮೆತ್ತಗಾದರೆ ಎಚ್ಚರ ಇರಬೇಕು ಎಂದು ನನಗೆ ಅನುಭವ.

"ಇದು ಸಂಜೀವನ ಕೈ ಅಲ್ವಾ? ಹೌದೂಂತ ಒಂದು ಮಾತು ಹೇಳು. ಅವನನ್ನು ಮನೆಗೆ ಕಳಿಸ್ತೇನೆ, ನಿನ್ನ ಪತ್ರಕ್ಕೆ ಈಗಲೇ ಸಹಿ ಹಾಕ್ತೇನೆ."

ಶನಿವಾರದೊಳಗೆ ಪತ್ರ ಕೇಂದ್ರಕ್ಕೆ ಸೇರಬೇಕಿತ್ತು. ಪತ್ರ ಮೇಜಿನ ಮೇಲೇ ಇತ್ತು, ಪೆನ್ನೂ ಇತ್ತು. ಹೌದು ಎಂಬುದು ಸಣ್ಣ ಪದ. ಸುಳ್ಳು ಯಾಕೆ ಹೇಳಲಿ, ಆ ಒಂದು ಕ್ಷಣ ಆ ಪದ ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ಅಲ್ಲ ಅಣ್ಣಾ. ನನ್ನ ಪಾರ್ಸರಿನ ತಪ್ಪು. ಸಂಜೀವಣ್ಣನ ಪುಸ್ತಕ ಸರಿ ಉಂಟು."

ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಆಗುದಿಲ್ಲ ಅಂತ ನಾನು ಮೊದಲೇ ಹೇಳಿದ್ದೆ. ಬರೆದು ಇಟ್ಕೊಂಡಿದ್ದೀಯಲ್ಲ?"

ಪದವಿ ಹೋಯಿತು ಎಂದೇ ಅಂದುಕೊಂಡೆ. ಉಮ್ಮನಿಗೆ ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಸಂಜೀವಣ್ಣ ಮೂರು ಹಳೆಯ ಟೈಮ್ ಪುಸ್ತಕಗಳನ್ನು ಹೆಗಲ ಚೀಲದಲ್ಲಿ ಹಾಕಿಕೊಂಡು ಆಫೀಸಿಗೆ ಬಂದರು. ಕಂಪ್ಯೂಟರನ್ನು ಬಯ್ಯುತ್ತಿದ್ದ ಅದೇ ಮನುಷ್ಯ. ಜಯರಾಮಣ್ಣನ ಎದುರು ನಿಂತು ಹೇಳಿದರು: "ಇವನ ಯಂತ್ರ ಒಂದು ಕಡೆ, ನನ್ನ ಬೆರಳು ಒಂದು ಕಡೆ. ನೀವು ಸಾಲು ಓದಿ. ಎಲ್ಲಿ ತಪ್ತದೆ ನೋಡುವ. ತಪ್ಪಿದ್ರೆ ನಾನೇ ಇದನ್ನು ಕಿಟಕಿಯಿಂದ ಬಿಸಾಡ್ತೇನೆ."

ಜಯರಾಮಣ್ಣ ಹನೀಫನನ್ನೂ ಕರೆಸಿದರು. ಅವನು ಬಂದ ಕೂಡಲೇ, "ಮೊಬೈಲು ಇಲ್ಲಿ ಮೇಜಿನ ಮೇಲೆ ಇಡು, ಕೈ ಕಾಣುವ ಹಾಗೆ ಕೂತ್ಕೊ," ಎಂದರು.

"ನಾನೆಂತ ಕಳ್ಳನಾ ಅಣ್ಣಾ?"

"ಅಲ್ಲ. ಬಸ್ಸಿನ ಮಾಲಕ."

ಸಾಲಿನ ಮೇಲೆ ಸಾಲು ಓದಿದರು. ಬೆರಳು ಮತ್ತು ಯಂತ್ರ ಒಂದನ್ನೇ ಹೇಳಿದವು. ನಡುವೆ ಜಯರಾಮಣ್ಣ ಬೇಕೆಂದೇ ಮೊದಲು ಓದಿದ ಸಾಲನ್ನೇ ಮತ್ತೆ ಓದಿದರು, ಅದೇ ಉತ್ತರ. ಹನೀಫನನ್ನು ಹೊರಗೆ ನಿಲ್ಲಿಸಿ ಮತ್ತೊಮ್ಮೆ ಓದಿದರು, ಅದೇ ಉತ್ತರ. ಒಂದು ಆವರಣವನ್ನು ಮುಚ್ಚದೆ ಓದಿದರು; ಯಂತ್ರ ಊಹಿಸಿ ಏನೋ ಒಂದು ಹೇಳಲಿಲ್ಲ, ಇಂಥ ಕಡೆ ಸಾಲು ಅರ್ಧಕ್ಕೆ ನಿಂತಿದೆ ಎಂದಿತು. "ಹ್ಞಾಂ," ಎಂದರು ಜಯರಾಮಣ್ಣ. ಅದು ಮೆಚ್ಚಿಗೆಯೋ ಗಂಟಲು ಸರಿಮಾಡಿಕೊಂಡದ್ದೋ ತಿಳಿಯಲಿಲ್ಲ.

ಮೂರನೆಯ ಪುಸ್ತಕದಲ್ಲಿ ಬೆಳ್ತಂಗಡಿಯಿಂದ ಕಕ್ಕಿಂಜೆಗೆ ಹೋಗುವ ನೀಲಿ ಬಸ್ಸಿನ ಸಾಲು ಬಂತು. 41 - 5 - 2 - 2. ಯಂತ್ರ ಮೂವತ್ತೆರಡು ಎಂದಿತು. ಬೆರಳೂ ಮೂವತ್ತೆರಡು ಎಂದಿತು. ಆ ಮಾರ್ಗಕ್ಕೆ ನಾನಿನ್ನೂ ಚಾರ್ಟ್ ಅಚ್ಚು ಹಾಕಿರಲಿಲ್ಲ. ಗೋಡೆಯಲ್ಲಿ ತೂಗುತ್ತಿದ್ದ ಕೈಬರಹದ ಹಳೆಯ ಚಾರ್ಟಿನಲ್ಲಿ ಮೂವತ್ತನಾಲ್ಕು ಎಂದಿತ್ತು. ಕೊನೆಯ ಕಡಿತ ಪುಸ್ತಕಕ್ಕೆ ಬಂದಿತ್ತು, ಚಾರ್ಟಿಗೆ ಬಂದಿರಲಿಲ್ಲ. ಎಷ್ಟು ವರ್ಷದಿಂದಲೋ ಆ ನೀಲಿ ಬಸ್ಸು ಎರಡು ನಿಮಿಷ ಹೆಚ್ಚು ನಿಂತು ಜನ ತುಂಬಿಸಿಕೊಳ್ಳುತ್ತಿತ್ತು.

ಹನೀಫ್ ಬಾಯಿ ತೆರೆಯುವವನಿದ್ದ, ನಾನು ಕಣ್ಣಿನಲ್ಲೇ ತಡೆದೆ.

"ಆ ಚಾರ್ಟ್ ಬರೆದದ್ದು ಯಾರು?" ಎಂದರು ಜಯರಾಮಣ್ಣ.

"ಆಗ ಬೆಳ್ತಂಗಡಿಯಲ್ಲಿ ಇದ್ದದ್ದು ನಾನು. ಬರೆದದ್ದೂ ನಾನು," ಎಂದರು ಸಂಜೀವಣ್ಣ. "ಯಾರು ಹೇಳಿ ಬರೆಸಿದ್ದು ಅಂತ ಪುಸ್ತಕದಲ್ಲಿ ಇಲ್ಲ ಅಣ್ಣಾ."

ನಾನು ಹೊಸ ಚಾರ್ಟ್ ಅಚ್ಚು ಹಾಕಿದೆ. ಸಂಜೀವಣ್ಣ ಹಳೆಯದನ್ನು ಮೊಳೆಯಿಂದ ಬಿಡಿಸಿ ಹೊಸದನ್ನು ತೂಗು ಹಾಕಿದರು. ಜಯರಾಮಣ್ಣ ಎದ್ದು ಬಂದು ಅದರ ಸಾಲನ್ನು ಓದಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, "ಆ ಪತ್ರ ಎಲ್ಲುಂಟು, ಕೊಡು," ಎಂದರು. ಅವರು ಯಂತ್ರವನ್ನು ನಂಬಿ ಸಹಿ ಹಾಕಿದರೋ, ಮಾತು ಅಲ್ಲಿಗೇ ನಿಲ್ಲಲಿ ಎಂದು ಹಾಕಿದರೋ, ನನಗೆ ಇಂದಿಗೂ ಗೊತ್ತಿಲ್ಲ. ಕಕ್ಕಿಂಜೆಯ ಬಸ್ಸು ಮಾತ್ರ ಸೋಮವಾರದಿಂದ ಮೂವತ್ತೆರಡು ನಿಮಿಷದ ಲೆಕ್ಕಕ್ಕೇ ಹೋಯಿತು.

ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರೂ ಅನುಮಾನದವರೇ.

"ಇದ್ರಲ್ಲಿ ಮತ್ತೆ ಮತ್ತೆ ಓದಿಸುವ ಲೂಪ್ ಎಲ್ಲಿದೆ?"

"ಇಲ್ಲ ಸರ್. ಫಂಕ್ಷನ್ ತನ್ನನ್ನೇ ಕರೀತದೆ."

"ಮಾಡಿ ಕೊಟ್ಟವರು ಹೀಗೆ ಹೇಳ್ಲಿಕ್ಕೆ ಹೇಳಿದ್ರಾ?"

ಎರಡು ಅಂಕಿಗಳಲ್ಲಿ ದೊಡ್ಡದನ್ನು ಆರಿಸುವ ಹೊಸ ಪದವೊಂದನ್ನು ಅಲ್ಲೇ ಸೇರಿಸಿ ತೋರಿಸಿ ಎಂದರು. ಮರಕ್ಕೆ ಒಂದು ಹೊಸ ಕೊಂಬೆ, ಪಾರ್ಸರಿಗೆ ಒಂದು ಸಾಲು, ಲೆಕ್ಕದ ಭಾಗಕ್ಕೆ ಒಂದು ಸಾಲು. ಸೇರಿಸಿದೆ. ಓಡಿತು. ಅವರ ಮುಖ ಸಡಿಲಾಗಲಿಲ್ಲ. ಕೊನೆಗೆ, ಇದರಲ್ಲಿ ನೀವು ಮಾಡಿದ ದೊಡ್ಡ ತಪ್ಪು ಯಾವುದು ಎಂದು ಕೇಳಿದರು. ಸಿದ್ಧಕಟ್ಟೆಯ ಆರು ನಿಮಿಷವನ್ನು ಹೇಳಿದೆ: ಖಾಲಿ ನೀಲಿ ಬಸ್ಸು, ಸಂಜೀವಣ್ಣನ ಮೇಲೆ ನಾನು ಹೊರಿಸಿದ ಸುಳ್ಳು ಅಪವಾದ, ಮಡಚಿದ ಬೆರಳು, ಎಲ್ಲ. ಪರೀಕ್ಷಕರು ಲವೀನಾ ಮೇಡಮ್ ಕಡೆ ತಿರುಗಿ, "ಇದು ಇವರದ್ದೇ. ಕೊಂಡು ತಂದವನಿಗೆ ಅದರ ತಪ್ಪಿನ ಕಥೆ ಗೊತ್ತಿರುದಿಲ್ಲ," ಎಂದರು.

ಪದವಿ ಪತ್ರ ಬಂದದ್ದು ಮುಂದಿನ ವರ್ಷ. ಕೇಂದ್ರದಲ್ಲಿ ಮೇಡಮ್ ಕೈಯಿಂದಲೇ ಕೊಟ್ಟರು. ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು, ಮೇಲೆ ಅಂಗೈ ಇಟ್ಟುಕೊಂಡು ಶಿರ್ತಾಡಿಗೆ ಬಂದೆ. ಉಮ್ಮ ಚಾವಡಿಯಲ್ಲಿ ಕೂತಿದ್ದರು. ಬೀಡಿ ಕಟ್ಟುವುದನ್ನು ಬಿಟ್ಟು ಎಷ್ಟೋ ವರ್ಷವಾದರೂ ಮಡಿಲಲ್ಲಿ ಮೊರ ಇದೆಯೇನೋ ಎಂಬಂತೆ ಕೂರುವುದು ಅವರ ಅಭ್ಯಾಸ. ಆ ಮಡಿಲಿಗೇ ಕೊಟ್ಟೆ.

ಸೆರಗಿನಲ್ಲಿ ಕೈ ಒರೆಸಿಕೊಂಡರು. ಹಿಂದೆ ಮುಂದೆ ತಿರುಗಿಸಿದರು. ಬೆಳಕಿಗೆ ಹಿಡಿದರು.

"ಇದರಲ್ಲಿ ನಿನ್ನ ಹೆಸರು ಯಾವುದು ಮೋನೇ?"

ತೋರಿಸಿದೆ. ಅವರು ತೋರುಬೆರಳನ್ನು ಆ ಹೆಸರಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನಕ್ಕೆ ಎಳೆದರು, ಮತ್ತೊಮ್ಮೆ ಎಳೆದರು.

"ಸರಿ," ಎಂದರು. "ಈ ಸಲ ಗೀಟು ಇಲ್ಲ."